ನಮ್ಮವಳು ತಿಂದದ್ದು ಜಿನ್ಸೆಂಗ್, ನಿಮ್ಮವನು ಚುಚ್ಚಿಕೊಂಡದ್ದು ಸ್ಟಿರಾಯ್ಡ್

ನನ್ನ ಹೆಂಡತಿ ಧಾರವಾಡದವಳು, ನಾನು ಕುಂದಾಪುರದ ಕಡೆಯವನು. ಅಗಸಿ ಹಿಂಡಿಯ ಹೆಸರು ಕೇಳಿದ್ದೆ, ಆದರೆ ಮದುವೆಯಾಗುವ ತನಕ ತಿಂದಿರಲಿಲ್ಲ. ಈಗ ಅದಿಲ್ಲದೆ ಮೊಸರನ್ನ ಗಂಟಲಲ್ಲಿ ಇಳಿಯುವುದಿಲ್ಲ. 2007ರಲ್ಲಿ ಒಂದು ದಿನ ಸ್ಯಾನ್ ಹೋಸೆಯ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದ್ದೆ. ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಮೂಲೆಯಲ್ಲಿ ಎರಡು ಚಮಚ ಹಿಂಡಿ. ಎದುರು ಕೂತಿದ್ದವನು ಲಾಸ್ ಏಂಜಲೀಸಿನಲ್ಲಿ ಹುಟ್ಟಿ ಬೆಳೆದವನು. ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡ. ಚೆನ್ನಾಗಿದೆ, ಏನಿದು ಅಂದ. ಅಗಸೆ ಬೀಜ ಹುರಿದು, ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ್ದು ಅಂದೆ.

ಅವನು ನಗಲು ಶುರು ಮಾಡಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಪಕ್ಕದ ಟೇಬಲಿನಲ್ಲಿದ್ದ ನಮ್ಮ ಟೀಮ್ ಲೀಡನ್ನೂ ಕರೆದ. ಆ ಲೀಡ್ ಬಾಸ್ಟನ್ನಿನವನು. "ನೋಡಿಲ್ಲಿ, ಜೈಂಟ್ಸ್ ಅಭಿಮಾನಿಯ ಡಬ್ಬಿಯಲ್ಲಿ ಅಗಸೆ! ಬ್ಯಾರಿ ಬಾಂಡ್ಸ್ ಮನೆಯಿಂದ ಕಳಿಸಿದ್ದಾ?" ಅಂತ ಕೇಳಿದ. ಇಬ್ಬರೂ ನಕ್ಕರು. ನನಗೆ ಸಿಟ್ಟು ಬಂತು. ಎಷ್ಟು ಸಿಟ್ಟು ಅಂದರೆ, ಅಮೆರಿಕಕ್ಕೆ ಬಂದು ಎರಡೇ ವರ್ಷವಾಗಿದ್ದ ನಾನು, ಹುಟ್ಟಿದಾಗಿನಿಂದ ಬೇಸ್‌ಬಾಲ್ ನೋಡಿದವರ ಜೊತೆ ಒಂದು ಗಂಟೆ ಜಗಳ ಆಡಿದೆ. ಆ ಜಗಳ ಹದಿನೈದು ವರ್ಷ ನಡೆಯಿತು.

ಬೇಸ್‌ಬಾಲ್ ನೋಡದವರಿಗೆ ಅಗಸೆಯ ತಮಾಷೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಹತ್ತಿರ ಬರ್ಲಿಂಗೇಮ್ ಅಂತ ಒಂದು ಊರಿದೆ. ಅಲ್ಲಿ ವಿಕ್ಟರ್ ಕಾಂಟೆ ಎಂಬವನು ಬಾಲ್ಕೋ ಎನ್ನುವ ಸಣ್ಣ ಕಂಪನಿ ನಡೆಸುತ್ತಿದ್ದ. ಹೊರಗಿನವರಿಗೆ ವಿಟಮಿನ್, ಖನಿಜಗಳ ವ್ಯಾಪಾರ. ಒಳಗೆ ಆಗಿನ ಪರೀಕ್ಷೆಗಳಿಗೆ ಸಿಗದಂಥ ಸ್ಟಿರಾಯ್ಡ್. ನಾಲಿಗೆಯ ಕೆಳಗೆ ಹನಿ ಬಿಟ್ಟುಕೊಳ್ಳುವುದಕ್ಕೆ 'ಕ್ಲಿಯರ್' ಅಂತ ಹೆಸರು, ಮೈಗೆ ಹಚ್ಚಿಕೊಳ್ಳುವುದಕ್ಕೆ 'ಕ್ರೀಮ್'. 2003ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಅಧಿಕಾರಿಗಳು ಅಲ್ಲಿಗೆ ನುಗ್ಗಿದರು. ಸ್ಯಾನ್ ಫ್ರಾನ್ಸಿಸ್ಕೋದ ಜೈಂಟ್ಸ್ ತಂಡದ ಬಾಂಡ್ಸ್‌ನ ತರಬೇತುದಾರ ಗ್ರೆಗ್ ಆಂಡರ್ಸನ್ ಅದರಲ್ಲಿ ಸಿಕ್ಕಿಬಿದ್ದ. ಬಾಂಡ್ಸ್‌ನನ್ನು ಗ್ರ್ಯಾಂಡ್ ಜ್ಯೂರಿಯ, ಅಂದರೆ ಮೊಕದ್ದಮೆ ಹೂಡಬೇಕೇ ಅಂತ ಗುಟ್ಟಾಗಿ ವಿಚಾರಿಸುವ ನಾಗರಿಕರ ಮಂಡಳಿಯ, ಮುಂದೆ ಕರೆದು ಕೇಳಿದರು. ಅವನು ಹೇಳಿದ್ದು ಇಷ್ಟು: ಆಂಡರ್ಸನ್ ಕೊಟ್ಟದ್ದನ್ನು ತೆಗೆದುಕೊಂಡೆ, ಅದು ಅಗಸೆ ಎಣ್ಣೆ ಮತ್ತು ಕೀಲು ನೋವಿನ ಮುಲಾಮು ಅಂದುಕೊಂಡಿದ್ದೆ. ಆ ಹೇಳಿಕೆ ಗುಟ್ಟಾಗಿ ಉಳಿಯಬೇಕಿತ್ತು. 2004ರ ಡಿಸೆಂಬರ್‌ನಲ್ಲಿ ಪತ್ರಿಕೆಯಲ್ಲಿ ಬಂತು. ಅಂದಿನಿಂದ ಅಮೆರಿಕದಲ್ಲಿ ಅಗಸೆ ಎಣ್ಣೆ ಅಂದರೆ ಬೇಸ್‌ಬಾಲ್ ನೋಡುವವರೆಲ್ಲ ನಗುತ್ತಾರೆ.

ಬಾಂಡ್ಸ್ ಸಾಮಾನ್ಯ ಆಟಗಾರನಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಅಂದುಕೊಳ್ಳಿ, ಆದರೆ ಅದಕ್ಕಿಂತ ಎಷ್ಟೋ ಅಪರೂಪ. ಒಂದು ವರ್ಷಕ್ಕೆ ಒಬ್ಬೊಬ್ಬ ತಂಡದವರು 162 ಪಂದ್ಯ ಆಡಿದರೂ 40 ಹೊಡೆದವನು ದೊಡ್ಡ ಮನುಷ್ಯ. 1961ರಲ್ಲಿ ರೋಜರ್ ಮ್ಯಾರಿಸ್ 61 ಹೊಡೆದದ್ದು 37 ವರ್ಷ ದಾಖಲೆಯಾಗಿ ಉಳಿಯಿತು. 1998ರಲ್ಲಿ ಮಾರ್ಕ್ ಮೆಗ್ವಾಯರ್ 70 ಹೊಡೆದ. ಅವನ ಲಾಕರ್‌ನಲ್ಲಿ ಆಂಡ್ರೊ ಎನ್ನುವ, ಸ್ನಾಯು ಬೆಳೆಸುವ ಮಾತ್ರೆಯ ಬಾಟಲಿ ಕಂಡದ್ದನ್ನು ಬರೆದ ವರದಿಗಾರನ ಮೇಲೆಯೇ ಆಗ ಜನ ರೇಗಿದರು. ಆಂಡ್ರೊ ಆಗ ಅಂಗಡಿಯಲ್ಲೇ ಸಿಗುತ್ತಿತ್ತು, ಬೇಸ್‌ಬಾಲ್‌ನಲ್ಲಿ ನಿಷೇಧವೂ ಇರಲಿಲ್ಲ. 2001ರಲ್ಲಿ ಬಾಂಡ್ಸ್ 73 ಹೊಡೆದ. ಆಗ ಅವನಿಗೆ 37 ವರ್ಷ. ಅದಕ್ಕೆ ಮೊದಲು ಒಂದು ವರ್ಷವೂ ಅವನು 50 ಮುಟ್ಟಿರಲಿಲ್ಲ.

ನಾನು ಮೊದಲ ಸಲ ಅವನ ಆಟ ನೋಡಿದ್ದು 2006ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಆ ಮೈದಾನದ ಬಲಗೋಡೆಯ ಆಚೆಗೆ ಸಮುದ್ರದ ಕೊಲ್ಲಿ. ಚೆಂಡು ನೀರಿಗೆ ಬಿದ್ದರೆ ಎತ್ತಿಕೊಳ್ಳಲು ಜನ ಸಣ್ಣ ಸಣ್ಣ ದೋಣಿ ಇಟ್ಟುಕೊಂಡು ಕಾಯುತ್ತಾರೆ. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿ ನೋಡಿ ಬೆಳೆದ ನನಗೆ, ಈ ದೇಶದಲ್ಲಿ ಮೊದಲ ಸಲ ಪರಿಚಯದ ಜಾಗಕ್ಕೆ ಬಂದ ಹಾಗಾಯಿತು. ಬಾಂಡ್ಸ್ ಬ್ಯಾಟನ್ನು ಹಿಡಿಯ ಮೇಲಕ್ಕೆ ಹಿಡಿಯುತ್ತಿದ್ದ. ಹೊಡೆದಾಗ ಬರುವ ಸದ್ದೇ ಬೇರೆ. ನಾನು ಅವತ್ತೇ ಟೋಪಿ ಕೊಂಡೆ. ಅಭಿಮಾನಿ ಆಗಲು ಅಷ್ಟು ಸಾಕು. ನನ್ನ ಮಟ್ಟಿಗೆ ಆ ತಂಡ ಅಂದರೆ ಈ ಊರಲ್ಲಿ ನನಗೂ ಒಂದು ಪಾಲಿದೆ ಅನ್ನುವುದಕ್ಕೆ ಸಾಕ್ಷಿ. ಹಾಗಿದ್ದಾಗ ಬಾಂಡ್ಸ್‌ನನ್ನು ಕಳ್ಳ ಅಂದವನು ನನ್ನ ರೇಷನ್ ಕಾರ್ಡನ್ನೇ ಹರಿದ ಹಾಗೆ!

ನಾನು ಕಾನೂನು ಓದಿದವನಲ್ಲ. ಆದರೆ ಆ ವರ್ಷ ವಕೀಲರ ಹಾಗೆ ಮಾತಾಡುತ್ತಿದ್ದೆ. ಬೇಸ್‌ಬಾಲ್‌ನಲ್ಲಿ ಶಿಕ್ಷೆಯ ಸಮೇತ ಪರೀಕ್ಷೆ ಶುರುವಾದದ್ದೇ 2004ರಲ್ಲಿ. ಅದಕ್ಕೆ ಮೊದಲಿನದಕ್ಕೆ ಯಾಕೆ ಶಿಕ್ಷೆ? ಬಾಂಡ್ಸ್‌ನನ್ನು ಸ್ಟಿರಾಯ್ಡ್‌ಗಾಗಿ ಲೀಗ್ ಒಂದು ದಿನವೂ ಅಮಾನತು ಮಾಡಿಲ್ಲ. ಅವನಿಗೆ ಚೆಂಡೆಸೆದ ಪಿಚರ್‌ಗಳಲ್ಲೂ ಎಷ್ಟೋ ಜನ ತೆಗೆದುಕೊಳ್ಳುತ್ತಿದ್ದರಲ್ಲ? ಔಷಧ ತೆಗೆದುಕೊಂಡವರೆಲ್ಲ 73 ಹೊಡೆದರಾ? ಇವೆಲ್ಲ ಸರಿಯಾದ ಪ್ರಶ್ನೆಗಳೇ. ಒಂದೂ ಸುಳ್ಳಲ್ಲ. ಆದರೆ ಇವನ್ನು ನಾನು ಒಬ್ಬನೇ ಒಬ್ಬನಿಗಾಗಿ ಕೇಳುತ್ತಿದ್ದೆ. ಬೇರೆ ತಂಡದವನ ಹೆಸರು ಬಂದಾಗ ಈ ಪ್ರಶ್ನೆಗಳು ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ.

2007ರ ಆಗಸ್ಟ್ 7ರಂದು ಬಾಂಡ್ಸ್ 756ನೆಯ ಹೋಮ್ ರನ್ ಹೊಡೆದ. ಹ್ಯಾಂಕ್ ಏರನ್ ಅವರ 755ರ ದಾಖಲೆ ಮುರಿಯಿತು. ನಾವು ಮನೆಯಲ್ಲಿ ಟಿವಿ ಮುಂದೆ ಕುಣಿದೆವು. ಮಾರನೆಯ ದಿನ ಆಫೀಸಿನಲ್ಲಿ ಲಾಸ್ ಏಂಜಲೀಸಿನವನು ಕೈ ಕುಲುಕಿದ, ಜೊತೆಗೆ ಬೆರಳಿನಿಂದ ಗಾಳಿಯಲ್ಲಿ ಒಂದು ನಕ್ಷತ್ರ ಬರೆದ. ಪುಸ್ತಕದಲ್ಲಿ ಪದದ ಮೇಲೆ ಸಣ್ಣ ನಕ್ಷತ್ರ ಹಾಕಿ ಕೆಳಗೆ ಟಿಪ್ಪಣಿ ಬರೆಯುತ್ತಾರಲ್ಲ, ಅದು. ಈ ದಾಖಲೆಗೂ ಒಂದು ಟಿಪ್ಪಣಿ ಬೇಕು ಅಂತ ಅರ್ಥ. ಕೆಲವೇ ವಾರಗಳಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ಮಾರ್ಕ್ ಎಕೋ ಎಂಬ ಬಟ್ಟೆ ವಿನ್ಯಾಸಗಾರ ಆ ಚೆಂಡನ್ನು ಹರಾಜಿನಲ್ಲಿ 7,52,467 ಡಾಲರ್ ಕೊಟ್ಟು ಕೊಂಡ. ಏನು ಮಾಡಲಿ ಅಂತ ಇಂಟರ್ನೆಟ್‌ನಲ್ಲಿ ಜನರ ಮತ ಕೇಳಿದ. ನಕ್ಷತ್ರದ ಗುರುತು ಹಾಕಿ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ, ಅಂದರೆ ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಮ್ಯೂಸಿಯಂಗೆ, ಕಳಿಸು ಅಂದರು ಜನ. ಹಾಗೇ ಮಾಡಿದ. ಬಾಂಡ್ಸ್ ಇನ್ನೂ ಹಾಲ್‌ನೊಳಗೆ ಹೋಗಿಲ್ಲ. ಅವನ ಚೆಂಡು ಹೋಯಿತು, ಮೈಮೇಲೆ ಬರೆ ಹಾಕಿಸಿಕೊಂಡು.

ಜೈಂಟ್ಸ್ ಮತ್ತು ಲಾಸ್ ಏಂಜಲೀಸಿನ ಡಾಜರ್ಸ್‌ನ ದ್ವೇಷ ಹಳೆಯದು. ಎರಡೂ ಮೊದಲು ನ್ಯೂಯಾರ್ಕಿನ ತಂಡಗಳು. 1958ರಲ್ಲಿ ಎರಡೂ ಕ್ಯಾಲಿಫೋರ್ನಿಯಾಕ್ಕೆ ಬಂದವು, ಬರುವಾಗ ಜಗಳವನ್ನೂ ಗಂಟು ಕಟ್ಟಿಕೊಂಡು ಬಂದವು. ಡಾಜರ್ಸ್ ಮೈದಾನದಲ್ಲಿ ಬಾಂಡ್ಸ್ ಎಡಗಡೆ ಫೀಲ್ಡಿಂಗ್‌ಗೆ ನಿಂತರೆ ಆ ಮೂಲೆಯ ಜನ ಒಂಬತ್ತು ಇನ್ನಿಂಗ್ಸೂ ಬೈಯುತ್ತಿದ್ದರು. ನಮ್ಮ ಲಾಸ್ ಏಂಜಲೀಸಿನ ಗೆಳೆಯ ಅಲ್ಲಿ ಕೂತು ಬೈದು ಬಂದವನೇ.

ಹಾಗಾಗಿ 2009 ನನಗೆ ಹಬ್ಬ. ಮೇ ತಿಂಗಳಲ್ಲಿ ಡಾಜರ್ಸ್‌ನ ಮ್ಯಾನಿ ರಾಮಿರೆಜ್‌ಗೆ 50 ಪಂದ್ಯಗಳ ನಿಷೇಧ ಬಿತ್ತು. ಇದು ಗುಸುಗುಸು ಅಲ್ಲ, ಲೀಗಿನದೇ ಶಿಕ್ಷೆ. ವೈದ್ಯರು ಬರೆದುಕೊಟ್ಟ ಔಷಧ ಅಂತ ಮ್ಯಾನಿ ಹೇಳಿಕೆ ಕೊಟ್ಟ. ಆಗಿನ ಕಾಲಕ್ಕೆ ಲಾಸ್ ಏಂಜಲೀಸಿನಲ್ಲಿ ಅವನೆಂದರೆ ಹುಚ್ಚು. ಎಡಗಡೆಯ ಅದೇ ಮೂಲೆಗೆ, ಬಾಂಡ್ಸ್‌ಗೆ ಬೈಯುತ್ತಿದ್ದ ಅದೇ ಮೂಲೆಗೆ, 'ಮ್ಯಾನಿವುಡ್' ಅಂತ ಹೆಸರಿಟ್ಟು ಟಿಕೆಟ್ ಮಾರುತ್ತಿದ್ದರು. ಅವನ ಬೆನ್ನ ಮೇಲಿನ ನಂಬರು 99. ಜುಲೈನಲ್ಲಿ ಶಿಕ್ಷೆ ಮುಗಿಸಿ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಜುಲೈ 22ರಂದು ಮೈದಾನಕ್ಕೆ ಬಂದವರಿಗೆ ಅವನ ಪುಟ್ಟ ಗೊಂಬೆ ಹಂಚಿದರು. ಅವತ್ತೇ ರಾತ್ರಿ ಅವನು ಬದಲಿ ಬ್ಯಾಟರ್ ಆಗಿ ಬಂದು, ಮೊದಲ ಎಸೆತಕ್ಕೋ ಏನೋ, ಗ್ರ್ಯಾಂಡ್ ಸ್ಲಾಮ್ ಹೊಡೆದ, ಅಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್ ತರುವ ಹೋಮ್ ರನ್. ಮೈದಾನ ನಡುಗಿತು.

ಮಾರನೆಯ ದಿನ ನಾನು ಆಫೀಸಿಗೆ ಬೇಗ ಹೋಗಿ ಕಾದು ಕೂತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವನಿಗೆ ಹೆಗ್ಗಣ ಅಂದರೆ ಏನು ಅಂತ ವಿವರಿಸುವುದರಲ್ಲೇ ಅರ್ಧ ಮಜಾ ಹೋಯಿತು. ಆಮೇಲೆ ಅವನು ಹೇಳಿದ ಮಾತು ಮಾತ್ರ ಯೋಚನೆಗೆ ಹಚ್ಚಿತು. "ಮ್ಯಾನಿ ಸಿಕ್ಕಿಬಿದ್ದ, 50 ಪಂದ್ಯ ಹೊರಗೆ ಕೂತ, ಸಂಬಳ ಕಳೆದುಕೊಂಡ. ಲೆಕ್ಕ ಚುಕ್ತಾ. ನಿಮ್ಮವನು ಏನು ಕಟ್ಟಿದ?" ಶಿಕ್ಷೆ ಅನುಭವಿಸಿದವನ ಸಾಲ ತೀರಿತು, ಶಿಕ್ಷೆಯೇ ಆಗದವನ ಸಾಲ ಎಂದೂ ತೀರುವುದಿಲ್ಲ ಅನ್ನುವುದು ಅವನ ವಾದ. ಸುಮ್ನೆ ತೆಗೆದುಹಾಕುವ ಮಾತಲ್ಲ ಇದು. 2011ರಲ್ಲಿ ಮ್ಯಾನಿ ಎರಡನೆಯ ಸಲ ಸಿಕ್ಕಿಬಿದ್ದು 100 ಪಂದ್ಯಗಳ ಶಿಕ್ಷೆಗೆ ಹೆದರಿ ನಿವೃತ್ತಿ ಹೇಳಿದಾಗ ಅವನು ಟಾಂಪಾ ಬೇ ತಂಡದಲ್ಲಿದ್ದ. ಹಾಗಾಗಿ ನಮ್ಮ ಗೆಳೆಯನಿಗೆ ಅದು ಸಂಬಂಧವೇ ಇಲ್ಲದ ಸುದ್ದಿಯಾಗಿತ್ತು.

ಮರುವರ್ಷ ನನ್ನ ಸರದಿ. 2012ರಲ್ಲಿ ಜೈಂಟ್ಸ್‌ನ ಮೆಲ್ಕಿ ಕಬ್ರೆರಾ ಅದ್ಭುತವಾಗಿ ಆಡುತ್ತಿದ್ದ. ಬೇಸ್‌ಬಾಲ್‌ನ ಒಳಗಿನ ಎರಡು ಲೀಗುಗಳ ಆಯ್ದ ಆಟಗಾರರು ಎದುರಾಗುವ ಆಲ್‌ಸ್ಟಾರ್ ಪಂದ್ಯದಲ್ಲಿ ಹೋಮ್ ರನ್ ಹೊಡೆದು ಪಂದ್ಯಶ್ರೇಷ್ಠನಾದ. ಆಗಸ್ಟ್‌ನಲ್ಲಿ ಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ ಸಿಕ್ಕಿ 50 ಪಂದ್ಯ ಹೊರಗೆ ಹೋದ. ಅಷ್ಟಕ್ಕೇ ಮುಗಿಯಲಿಲ್ಲ. ಇಲ್ಲದ ಒಂದು ಔಷಧವನ್ನು ಮಾರುವ ಸುಳ್ಳು ವೆಬ್‌ಸೈಟನ್ನು ಅವನ ಕಡೆಯವನೊಬ್ಬ ದುಡ್ಡು ಕೊಟ್ಟು ಮಾಡಿಸಿದ್ದ. ಅದನ್ನು ಕೊಂಡು ಮೋಸಹೋದೆ ಅಂತ ಹೇಳುವ ಉಪಾಯ. ನಾಟಕ ಬಯಲಾಯಿತು. ನಾನು ಅಂದೆ, ನಮ್ಮ ತಂಡ ಅವನನ್ನು ಪ್ಲೇಆಫ್‌ಗೂ ಸೇರಿಸಲಿಲ್ಲ, ನಾವು ಮರ್ಯಾದಸ್ಥರು. ಗೆಳೆಯ ತಣ್ಣಗೆ ಉತ್ತರ ಕೊಟ್ಟ. ಆ ವರ್ಷದ ನಿಯಮದ ಪ್ರಕಾರ ಆಲ್‌ಸ್ಟಾರ್ ಪಂದ್ಯ ಗೆದ್ದ ಲೀಗಿನ ತಂಡಕ್ಕೆ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ತವರು ಮೈದಾನದ ಅನುಕೂಲ. ಆ ಪಂದ್ಯ ಗೆಲ್ಲಿಸಿದ್ದು ಯಾರು? ಮೆಲ್ಕಿ. ಅನುಕೂಲ ಸಿಕ್ಕಿದ್ದು ಯಾರಿಗೆ? ಜೈಂಟ್ಸ್‌ಗೆ. ಕಪ್ ಗೆದ್ದದ್ದು? ನಾನು ಡಬ್ಬಿ ಮುಚ್ಚಿ ಎದ್ದು ಹೋದೆ.

ಈ ನಡುವೆ ನಮ್ಮಿಬ್ಬರನ್ನೂ ಒಂದೇ ಕಡೆ ನಿಲ್ಲಿಸಿದ ಪ್ರಕರಣವೂ ಒಂದಿದೆ. 2011ರಲ್ಲಿ ಮಿಲ್ವಾಕಿಯ ರಯನ್ ಬ್ರಾನ್‌ಗೆ ವರ್ಷದ ಆಟಗಾರ ಪ್ರಶಸ್ತಿ ಬಂತು, ಡಾಜರ್ಸ್‌ನ ಮ್ಯಾಟ್ ಕೆಂಪ್ ಎರಡನೆಯವನಾದ. ಅಕ್ಟೋಬರ್‌ನ ಪರೀಕ್ಷೆಯಲ್ಲಿ ಬ್ರಾನ್ ಸಿಕ್ಕಿಬಿದ್ದಿದ್ದಾನೆ ಅಂತ ಡಿಸೆಂಬರ್‌ನಲ್ಲಿ ಸುದ್ದಿ ಹೊರಬಿತ್ತು. ಅವನು ಮೇಲ್ಮನವಿ ಹಾಕಿದ. ಮೂತ್ರದ ಮಾದರಿಯನ್ನು ತೆಗೆದವರು ಶನಿವಾರ ಸಂಜೆ ಕೊರಿಯರ್‌ಗೆ ಕೊಡದೆ ಸೋಮವಾರದ ತನಕ ಮನೆಯಲ್ಲಿ ಇಟ್ಟುಕೊಂಡಿದ್ದರು. ಮಧ್ಯಸ್ಥಗಾರ ಶ್ಯಾಮ್ ದಾಸ್ 2012ರ ಫೆಬ್ರವರಿಯಲ್ಲಿ ಶಿಕ್ಷೆ ರದ್ದು ಮಾಡಿದರು. ಹೆಸರು ಓದಿ ಆಫೀಸಿನ ಭಾರತೀಯರೆಲ್ಲ ಕಾರಣವಿಲ್ಲದೆ ಒಂದು ದಿನ ಬೀಗಿದೆವು. ಮೇ ತಿಂಗಳಲ್ಲಿ ಲೀಗ್ ಅವರನ್ನು ಆ ಕೆಲಸದಿಂದಲೇ ತೆಗೆದುಹಾಕಿತು. ತೀರ್ಪು ಬಂದಾಗ ಬ್ರಾನ್, ಮಾದರಿ ತೆಗೆದ ವ್ಯಕ್ತಿಯ ಮೇಲೆ ಸಂಶಯ ಬರುವ ಹಾಗೆ ಎಲ್ಲರೆದುರು ಮಾತಾಡಿದ. ಮಿಲ್ವಾಕಿಯ ಜನ ನಂಬಿದರು. 2013ರಲ್ಲಿ ಅದೇ ಬ್ರಾನ್ 65 ಪಂದ್ಯಗಳ ಶಿಕ್ಷೆ ಒಪ್ಪಿಕೊಂಡ, ತಪ್ಪೊಪ್ಪಿಕೊಂಡ, ಆ ಮನುಷ್ಯನ ಕ್ಷಮೆಯನ್ನೂ ಕೇಳಿದ. ನನಗೆ ಇಡೀ ಸ್ಟಿರಾಯ್ಡ್ ಕಥೆಯಲ್ಲಿ ಜಾಸ್ತಿ ನೋವಾಗುವುದು ಆ ಮಾದರಿ ತೆಗೆದವರ ಬಗ್ಗೆ. ಆಟಗಾರನಿಗೆ ಕೋಟಿಗಟ್ಟಲೆ ಡಾಲರ್ ಇತ್ತು, ಒಂದು ಊರಿನ ಬೆಂಬಲ ಇತ್ತು. ಇವರಿಗೆ ಯಾವ ಮೈದಾನದಲ್ಲಿ ಯಾರು ಚಪ್ಪಾಳೆ ಹೊಡೆಯುತ್ತಾರೆ? ಆದರೂ ದಾಸ್ ಅವರ ತೀರ್ಪು ತಪ್ಪು ಅಂತ ನನಗೆ ಅನಿಸುವುದಿಲ್ಲ. ನಿಯಮ ಇದ್ದ ಹಾಗೆ ನಡೆಯಬೇಕಿತ್ತು, ನಡೆಯಲಿಲ್ಲ. ತಪ್ಪು ಮಾಡಿದವನು ನ್ಯಾಯವಾಗಿಯೇ ಬಿಡುಗಡೆಯಾದ. ಇದನ್ನು ಊಟದ ಟೇಬಲಿನಲ್ಲಿ ಯಾರಿಗೂ ಒಪ್ಪಿಸಲು ನನಗೆ ಆಗಲಿಲ್ಲ.

ಇಷ್ಟು ಹೊತ್ತು ಸುಮ್ಮನೆ ಸ್ಯಾಂಡ್‌ವಿಚ್ ತಿನ್ನುತ್ತಾ ಕೂತಿರುತ್ತಿದ್ದವನು ಬಾಸ್ಟನ್ನಿನವನು. ನಮ್ಮಿಬ್ಬರದು ಬರೀ ಬಾಯಿಜಗಳ. ಅವರ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕಿನ ಯಾಂಕೀಸ್ ನಡುವಿನದು ದಾಯಾದಿ ವ್ಯಾಜ್ಯ. 1920ರ ಹೊತ್ತಿಗೆ ಬೇಬ್ ರೂತ್‌ನನ್ನು ಬಾಸ್ಟನ್ ಯಾಂಕೀಸ್‌ಗೆ ಮಾರಿತು. ಆಮೇಲೆ 2004ರ ತನಕ ಅವರಿಗೆ ಕಪ್ ಸಿಗಲಿಲ್ಲ. ಜಮೀನು ಮಾರಿದ ಅಜ್ಜನನ್ನು ಮೊಮ್ಮಕ್ಕಳು ಬೈಯುತ್ತಾರಲ್ಲ, ಹಾಗೆ ನಾಲ್ಕು ತಲೆಮಾರು ಬೈದುಕೊಂಡು ಬದುಕಿದ ಊರು ಅದು.

2007ರ ಡಿಸೆಂಬರ್ 13ರಂದು ಬೇಸ್‌ಬಾಲ್‌ನಲ್ಲಿ ಸ್ಟಿರಾಯ್ಡ್ ಬಳಕೆಯ ಬಗ್ಗೆ ಮಿಚೆಲ್ ವರದಿ ಬಂತು. ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಬರೆದದ್ದು, 409 ಪುಟ, 89 ಆಟಗಾರರ ಹೆಸರು. ಯಾಂಕೀಸ್‌ಗೆ ಆಡಿದವರ ಹೆಸರು ಸಾಲು ಸಾಲಾಗಿತ್ತು. ಎಲ್ಲಕ್ಕಿಂತ ಮೇಲೆ ರೋಜರ್ ಕ್ಲೆಮೆನ್ಸ್. ನ್ಯೂಯಾರ್ಕಿನವರು ಕೂಡಲೇ ಕೂಗಿದರು: ಮಿಚೆಲ್ ರೆಡ್ ಸಾಕ್ಸ್ ಸಂಸ್ಥೆಯ ನಿರ್ದೇಶಕ! ಅದು ನಿಜವೇ. ಆ ಸ್ಥಾನದಲ್ಲಿದ್ದವರಿಗೆ ಈ ತನಿಖೆ ಒಪ್ಪಿಸಿದ್ದು ದಡ್ಡತನ. ಆದರೆ ಹೆಸರುಗಳು ನ್ಯೂಯಾರ್ಕಿನ ಕಡೆ ವಾಲಿದ್ದಕ್ಕೆ ಕಾರಣ ಬೇರೆ ಇತ್ತು. ಆಟಗಾರರು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರು ಮುಖ್ಯವಾಗಿ ಇಬ್ಬರು. ಒಬ್ಬ ಕರ್ಕ್ ರಾಡೋಮ್‌ಸ್ಕಿ, ನ್ಯೂಯಾರ್ಕ್ ಮೆಟ್ಸ್ ತಂಡದ ಕೋಣೆಯಲ್ಲಿ ಕೆಲಸ ಮಾಡಿದವನು. ಇನ್ನೊಬ್ಬ ಬ್ರಯಾನ್ ಮೆಕ್‌ನಾಮಿ, ಯಾಂಕೀಸ್‌ನಲ್ಲಿ ವ್ಯಾಯಾಮ ಹೇಳಿಕೊಟ್ಟವನು. ಇಬ್ಬರನ್ನೂ ಕೇಂದ್ರ ಅಧಿಕಾರಿಗಳು ಕಟ್ಟಿಹಾಕಿ ಮಾತಾಡಿಸಿದ್ದರು. ಇಬ್ಬರೂ ತಮಗೆ ಗೊತ್ತಿದ್ದವರ ಹೆಸರು ಹೇಳಿದರು. ನಮ್ಮ ಕುಂದಾಪುರ ಬಸ್ ನಿಲ್ದಾಣದ ಕಂಡಕ್ಟರ್‌ಗಳನ್ನು ಕೂರಿಸಿ ರಾಜ್ಯದ ಟಿಕೆಟ್ ಕಳ್ಳರ ಪಟ್ಟಿ ಕೊಡಿ ಅಂದರೆ ಯಾವ ಊರಿನವರ ಹೆಸರು ಬರುತ್ತದೆ? ಬೀದರಿನ ಕಳ್ಳ ಆರಾಮಾಗಿ ಮನೆಯಲ್ಲಿರುತ್ತಾನೆ.

ಕ್ಲೆಮೆನ್ಸ್ ವಿಷಯದಲ್ಲಿ ನಮ್ಮ ಬಾಸ್ಟನ್ನಿನವನ ತರ್ಕ ಕೇಳಬೇಕು. ಕ್ಲೆಮೆನ್ಸ್ 1984ರಿಂದ 1996ರ ತನಕ ಬಾಸ್ಟನ್ನಿನ ಪಿಚರ್. ಅಲ್ಲಿಂದ ಟೊರೊಂಟೊ, ಆಮೇಲೆ ಯಾಂಕೀಸ್. ವರದಿಯ ಪ್ರಕಾರ ಶುರುವಾದದ್ದು 1998ರಲ್ಲಿ, ಟೊರೊಂಟೊದಲ್ಲಿ. "ನೋಡಿದ್ಯಾ, ನಮ್ಮ ಮನೆಯಲ್ಲಿದ್ದಾಗ ಒಳ್ಳೆಯ ಹುಡುಗ. ಹೊರಗೆ ಹೋಗಿ ಕೆಟ್ಟ" ಅನ್ನುತ್ತಿದ್ದ. ಊರಲ್ಲಿ ಬೆಂಗಳೂರಿಗೆ ಹೋದ ಹುಡುಗರ ಬಗ್ಗೆ ಹೇಳುವ ಮಾತೇ! ಕ್ಲೆಮೆನ್ಸ್ ಎಲ್ಲವನ್ನೂ ಅಲ್ಲಗಳೆದ. ಸುಳ್ಳು ಹೇಳಿದ ಆರೋಪದ ಮೇಲೆ ಕೋರ್ಟಿಗೆ ಹೋಗಿ 2012ರ ಜೂನ್‌ನಲ್ಲಿ ಆರಕ್ಕೆ ಆರೂ ಆರೋಪಗಳಿಂದ ಬಿಡುಗಡೆಯಾದ. ಗ್ರ್ಯಾಂಡ್ ಜ್ಯೂರಿಯ ಮುಂದೆ ಕೊಟ್ಟ ಹೇಳಿಕೆಗಾಗಿ ಬಾಂಡ್ಸ್ ಮೇಲೆ ಉಳಿದಿದ್ದ ಒಂದೇ ಒಂದು ಶಿಕ್ಷೆಯನ್ನೂ 2015ರಲ್ಲಿ ಮೇಲಿನ ಕೋರ್ಟು ರದ್ದು ಮಾಡಿತು. ಕೋರ್ಟಿನ ಲೆಕ್ಕದಲ್ಲಿ ಇಬ್ಬರೂ ನಿರಪರಾಧಿಗಳು. ಊಟದ ಟೇಬಲಿನ ಲೆಕ್ಕ ಬೇರೆ.

ಅಭಿಮಾನಿಗಳ ನ್ಯಾಯ ಹೇಗಿರುತ್ತದೆ ಅನ್ನುವುದಕ್ಕೆ ಆ 104 ಹೆಸರುಗಳ ಪಟ್ಟಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2003ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಒಂದು ಒಪ್ಪಂದಕ್ಕೆ ಬಂದವು. ಎಲ್ಲರನ್ನೂ ಪರೀಕ್ಷೆ ಮಾಡೋಣ, ಹೆಸರು ಹೊರಗೆ ಬಿಡುವುದು ಬೇಡ, ಶಿಕ್ಷೆಯೂ ಬೇಡ. ನೂರಕ್ಕೆ ಐದಕ್ಕಿಂತ ಜಾಸ್ತಿ ಜನ ಸಿಕ್ಕರೆ ಮುಂದಿನ ವರ್ಷದಿಂದ ಶಿಕ್ಷೆ ಶುರು. ಜಾಸ್ತಿಯೇ ಸಿಕ್ಕರು. ಪಟ್ಟಿಯನ್ನು ನಾಶ ಮಾಡುವ ಮೊದಲೇ ಬಾಲ್ಕೋ ತನಿಖೆಯ ಅಧಿಕಾರಿಗಳು ಬಂದರು. ಅವರ ವಾರಂಟ್ ಇದ್ದದ್ದು ಹತ್ತು ಆಟಗಾರರ ಫಲಿತಾಂಶಕ್ಕೆ. ಎತ್ತಿಕೊಂಡು ಹೋದದ್ದು ಎಲ್ಲರದನ್ನೂ. ಅದು ತಪ್ಪು ಅಂತ ಆಮೇಲೆ ಕೋರ್ಟೇ ಹೇಳಿತು. ಅಷ್ಟರಲ್ಲಿ ಸೋರಿಕೆ ಶುರುವಾಗಿತ್ತು. 2009ರ ಫೆಬ್ರವರಿಯಲ್ಲಿ ಯಾಂಕೀಸ್‌ನ ಅಲೆಕ್ಸ್ ರೋಡ್ರಿಗೆಜ್. ಜೂನ್‌ನಲ್ಲಿ ಸ್ಯಾಮಿ ಸೋಸಾ. ಜುಲೈ 30ಕ್ಕೆ ಮ್ಯಾನಿ, ಮತ್ತು ಬಾಸ್ಟನ್ನಿನ ಕಣ್ಮಣಿ ಡೇವಿಡ್ ಓರ್ಟಿಜ್.

ರೋಡ್ರಿಗೆಜ್ ಒಪ್ಪಿಕೊಂಡ. 2001ರಿಂದ 2003ರ ತನಕ ತೆಗೆದುಕೊಂಡೆ ಅಂದ. ಅವನ ಹೆಸರು ಬಂದಾಗ ನಮ್ಮ ಲೀಡ್ ಆ ಪಟ್ಟಿಯನ್ನು ವೇದ ಅನ್ನುವ ಹಾಗೆ ಮಾತಾಡಿದ. ಆರೇ ತಿಂಗಳು. ಓರ್ಟಿಜ್ ಹೆಸರು ಬಂದ ದಿನ ಅದೇ ಪಟ್ಟಿ ಕದ್ದ ಮಾಲು, ಅರ್ಧ ಸತ್ಯ, ಹೆಸರಿಲ್ಲದ ವಕೀಲರ ಪಿಸುಮಾತು. ಓರ್ಟಿಜ್ ಪತ್ರಿಕಾಗೋಷ್ಠಿ ಮಾಡಿ, ವಿಟಮಿನ್ನು, ಪೂರಕ ಪುಡಿಗಳ ವಿಷಯದಲ್ಲಿ ಅಜಾಗರೂಕನಾಗಿದ್ದೆ, ಸ್ಟಿರಾಯ್ಡ್ ಕೊಂಡಿಲ್ಲ, ಬಳಸಿಲ್ಲ ಅಂದ. ಅದನ್ನು ಹೇಳಿದ ಜಾಗ ಯಾಂಕೀಸ್‌ನ ಮೈದಾನ! ನಾನೂ ಲಾಸ್ ಏಂಜಲೀಸಿನವನೂ ಒಟ್ಟಿಗೆ "ಅಗಸೆ ಎಣ್ಣೆ!" ಅಂತ ಕೂಗಿದೆವು. ನಾನು, ಬಾಂಡ್ಸ್‌ನ ವಕೀಲ, ಎಲ್ಲರಿಗಿಂತ ಜೋರಾಗಿ ಕೂಗಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಾಸ್ಟನ್ನಿನವನ ವಾದ ಪೂರ್ತಿ ಪೊಳ್ಳಲ್ಲ. ಪಟ್ಟಿಯಲ್ಲಿದ್ದ ಎಲ್ಲ ಹೆಸರೂ ಖಚಿತ ಫಲಿತಾಂಶ ಅಲ್ಲ ಅಂತ ಆಟಗಾರರ ಸಂಘ ಆಗಲೇ ಹೇಳಿತ್ತು. 2016ರಲ್ಲಿ ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಕೂಡ ಹತ್ತಕ್ಕೂ ಹೆಚ್ಚು ಫಲಿತಾಂಶಗಳ ಬಗ್ಗೆ ವೈಜ್ಞಾನಿಕ ಸಂಶಯ ಇತ್ತು ಅಂದರು. ಶಿಕ್ಷೆಯ ಪರೀಕ್ಷೆಗಳು ಬಂದ ಮೇಲೆ ಓರ್ಟಿಜ್ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ರೋಡ್ರಿಗೆಜ್ 2013ರಲ್ಲಿ ಫ್ಲಾರಿಡಾದ ಬಯೋಜೆನೆಸಿಸ್ ಹಗರಣದಲ್ಲಿ ಮತ್ತೆ ಸಿಕ್ಕಿಬಿದ್ದು 211 ಪಂದ್ಯಗಳ ನಿಷೇಧ ಹಾಕಿಸಿಕೊಂಡ. ಅದು ಕೊನೆಗೆ 162ಕ್ಕೆ ಇಳಿಯಿತು. ಹಾಗಾಗಿ ಇಬ್ಬರೂ ಒಂದೇ ಅಲ್ಲ. ಎಲ್ಲರೂ ಕಳ್ಳರೇ ಬಿಡು ಅಂತ ಕೈ ತೊಳೆದುಕೊಳ್ಳುವುದು ಜಾಣತನದ ಹಾಗೆ ಕಾಣುತ್ತದೆ, ನಿಜಕ್ಕೂ ಅದು ಸೋಮಾರಿತನ. ಆದರೆ ಬಾಸ್ಟನ್ನಿನವನು ಈ ವ್ಯತ್ಯಾಸಗಳನ್ನೆಲ್ಲ ಹುಡುಕಿ ತೆಗೆದದ್ದು ಓರ್ಟಿಜ್ ಹೆಸರು ಬಂದ ಮೇಲೆ. ಹೆಸರು ಬರದಿದ್ದರೆ ಹುಡುಕುತ್ತಲೇ ಇರಲಿಲ್ಲ. ಉಳಿದ ನೂರರ ಹತ್ತಿರದ ಹೆಸರುಗಳ ಪೈಕಿ ಹೆಚ್ಚಿನವು ಇವತ್ತಿಗೂ ಕತ್ತಲಲ್ಲಿವೆ. ಅವರಲ್ಲಿ ಯಾರು ಯಾರ ಮನೆಯ ಗೋಡೆಯ ಮೇಲೆ ಪೋಸ್ಟರ್ ಆಗಿದ್ದಾರೋ.

2013ರ ಆಗಸ್ಟ್ 18ರ ರಾತ್ರಿ ಬಾಸ್ಟನ್ನಿನಲ್ಲಿ ಪಂದ್ಯ. ಮೇಲ್ಮನವಿ ನಡೆಯುತ್ತಿದ್ದ ಕಾರಣ ರೋಡ್ರಿಗೆಜ್ ಇನ್ನೂ ಆಡುತ್ತಿದ್ದ. ಬಾಸ್ಟನ್ನಿನ ಪಿಚರ್ ರಯನ್ ಡೆಂಪ್‌ಸ್ಟರ್ ಮೊದಲ ಎಸೆತವನ್ನು ಅವನ ಮೊಣಕಾಲಿನ ಹಿಂದೆ ಎಸೆದ. ಆಮೇಲೆ ಒಂದನ್ನು ಮೈಗೇ ಹೊಡೆದ. ಜನ ಹಬ್ಬದ ಹಾಗೆ ಕೇಕೆ ಹಾಕಿದರು. ಅದೇ ರೋಡ್ರಿಗೆಜ್ ಆಮೇಲೆ ಹೋಮ್ ರನ್ ಹೊಡೆದ, ಯಾಂಕೀಸ್ ಗೆದ್ದಿತು, ಡೆಂಪ್‌ಸ್ಟರ್‌ಗೆ ಐದು ಪಂದ್ಯಗಳ ಶಿಕ್ಷೆಯಾಯಿತು. ಆ ಕೇಕೆ ಹಾಕಿದವರ ನಡುವೆ ಓರ್ಟಿಜ್ ಅಂಗಿ ತೊಟ್ಟವರು ಎಷ್ಟು ಜನ ಇದ್ದರೋ ಅಂತ ಟಿವಿಯಲ್ಲಿ ಎಣಿಸಲು ನೋಡಿದೆ. ಮೂವತ್ತಕ್ಕೆ ಬಿಟ್ಟುಬಿಟ್ಟೆ.

ಇಷ್ಟು ಹೊತ್ತು ಅವರಿಬ್ಬರನ್ನು ಆಡಿಕೊಂಡೆ. ಈಗ ನನ್ನದು.

2010ರಲ್ಲಿ ನಮ್ಮ ಕಡೆ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ರಿಲೇ ಚಿನ್ನ ಗೆದ್ದರು. ಮುಂದಿನ ತಿಂಗಳೇ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಕುಂದಾಪುರ ತಾಲೂಕಿನ ಕೃಷಿಕರ ಮನೆಯ ಹುಡುಗಿ. ಅಮ್ಮ ಫೋನಿನಲ್ಲಿ ಅತ್ತಿದ್ದರು. ನಾನು ಆ ಓಟದ ವಿಡಿಯೋವನ್ನು ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದ್ದೆ, ಇದು ನಮ್ಮೂರು ಅಂತ. ಊರಿಗೂ ಸಿದ್ದಾಪುರಕ್ಕೂ ಇರುವ ಅಂತರ ಯಾರು ಅಳೆಯುತ್ತಾರೆ?

2011ರಲ್ಲಿ ಅಶ್ವಿನಿ ಮತ್ತು ರಿಲೇಯ ಇತರ ಕೆಲವರು ಸ್ಟಿರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಆದದ್ದು ಎಂದರು. ಸರ್ಕಾರ ಕೋಚನ್ನು ಕೆಲಸದಿಂದ ತೆಗೆಯಿತು. ಅಮ್ಮ ಫೋನಿನಲ್ಲಿ, "ಎಂತ ಮಾರಾಯ ಇದು, ನಮ್ಮ ಬದಿಯ ಹುಡುಗಿ ಅಂಥದ್ದು ಮಾಡುವವಳಲ್ಲ" ಅಂದರು. ನಾನು ಅಮ್ಮನಿಗೆ ಮಾತ್ರ ಅಲ್ಲ, ಮನೆಗೆ ಬಂದ ನಾಲ್ಕು ಜನ ಕನ್ನಡದವರಿಗೂ ಅರ್ಧ ಗಂಟೆ ವಿವರಿಸಿದೆ. ಕೋಚ್ ಕೊಟ್ಟದ್ದನ್ನು ಆ ಮಕ್ಕಳು ಬೇಡ ಅನ್ನಲು ಆಗುತ್ತದಾ? ಪೂರಕ ಮಾತ್ರೆಯೊಳಗೆ ಏನು ಬೆರೆತಿದೆ ಅಂತ ಲ್ಯಾಬ್ ಇಟ್ಟುಕೊಂಡು ನೋಡಲು ಆಗುತ್ತದಾ? ದೊಡ್ಡ ದೇಶಗಳವರು ಮಾಡಿದರೆ ಯಾರೂ ಹಿಡಿಯುವುದಿಲ್ಲ.

ನೆಂಟರೆಲ್ಲ ಹೋದ ಮೇಲೆ ಹೆಂಡತಿ ಪಾತ್ರೆ ಎತ್ತಿಡುತ್ತಾ ಕೇಳಿದಳು: "ಅಲ್ರೀ, ಆ ಬಾಸ್ಟನ್ ತಂಡದಾಂವ ಹಿಂಗ ಅಂದಾಗ ನಕ್ಕಿದ್ರಲ್ಲಾ ನೀವು?"

ನಾನು ಅದು ಬೇರೆ ಅಂದೆ. ಹೇಗೆ ಬೇರೆ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಲು ಏನೂ ಇಲ್ಲ ಅಂತಲೂ ಅಲ್ಲ. ಕಾಡುಗುಡ್ಡದ ಊರಿನ ಹುಡುಗಿಗೂ, ಸ್ವಂತ ಡಾಕ್ಟರು, ವಕೀಲರು ಇರುವ ಕೋಟ್ಯಧಿಪತಿಗೂ ಬೇಡ ಅನ್ನುವ ಶಕ್ತಿ ಒಂದೇ ಇರುವುದಿಲ್ಲ. ಇದನ್ನು ಈಗಲೂ ನಂಬುತ್ತೇನೆ. ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಸಮಿತಿಯೂ ಹೆಚ್ಚುಕಡಿಮೆ ಹಾಗೇ ಯೋಚಿಸಿ ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಮಾತ್ರೆ ಬಾಯಿಗೆ ಹಾಕಿಕೊಂಡವರೇ ಜವಾಬ್ದಾರರು, ಇದು ಅವರ ನಿಯಮ. ನಾನು ಬಾಂಡ್ಸ್‌ನ ವಿಷಯದಲ್ಲಿ ಗೆಳೆಯರಿಂದ ಕೇಳಿ ಕೇಳಿ ಬೇಸತ್ತ ನಿಯಮವೂ ಇದೇ. ಓರ್ಟಿಜ್ ವಿಷಯದಲ್ಲಿ ನಾನೇ ಮೇಜು ಕುಟ್ಟಿ ಹೇಳಿದ ನಿಯಮವೂ ಇದೇ. ಅಶ್ವಿನಿಯ ಸುದ್ದಿಯನ್ನು ಮಾತ್ರ ಆ ಊಟದ ಟೇಬಲಿನಲ್ಲಿ ನಾನು ಎತ್ತಲಿಲ್ಲ. ಓಟದ ವಿಡಿಯೋ ತೋರಿಸಿದ ಜಾಗ ಅದೇ.

ಹಾಲ್ ಆಫ್ ಫೇಮ್‌ಗೆ ಆಯ್ಕೆಯಾಗಲು ಬೇಸ್‌ಬಾಲ್ ಬರಹಗಾರರ ನೂರಕ್ಕೆ 75 ಮತ ಬೇಕು. ಒಬ್ಬನಿಗೆ ಹತ್ತು ವರ್ಷ ಅವಕಾಶ. ಪರೀಕ್ಷೆಯಲ್ಲಿ ಸಿಗದ, ಮಿಚೆಲ್ ವರದಿಯಲ್ಲಿ ಹೆಸರೇ ಇಲ್ಲದ ಜೆಫ್ ಬ್ಯಾಗ್ವೆಲ್‌ನಂಥವರೂ ತೋಳು ದಪ್ಪ ಇದ್ದ ತಪ್ಪಿಗೆ ವರ್ಷಗಟ್ಟಲೆ ಹೊರಗೆ ಕಾದರು. ಅವನು ಒಳಗೆ ಹೋದದ್ದು ಏಳನೆಯ ಸಲ, 2017ರಲ್ಲಿ. ಅದೇ ವರ್ಷ ಬಡ್ ಸೆಲಿಗ್ ಕೂಡ ಒಳಗೆ ಹೋದರು. ಆ ಇಡೀ ಕಾಲದಲ್ಲಿ ಲೀಗನ್ನು ನಡೆಸಿದ, ಹೋಮ್ ರನ್‌ಗಳಿಂದ ಮೈದಾನ ತುಂಬಿದಾಗ ಖುಷಿಪಟ್ಟ ಕಮಿಷನರ್ ಅವರು. ಅವರಿಗೆ ನಕ್ಷತ್ರ ಹಾಕಿದವರು ಯಾರೂ ಇಲ್ಲ. ನನಗೆ ಇಂದಿಗೂ ನುಂಗಲಾಗದ ತುತ್ತು ಇದು.

2022ರ ಜನವರಿ 25ಕ್ಕೆ ಬಾಂಡ್ಸ್‌ನ ಹತ್ತನೆಯ ಮತ್ತು ಕೊನೆಯ ಸರದಿ. 66 ಪರ್ಸೆಂಟ್ ಬಂತು. ಕ್ಲೆಮೆನ್ಸ್‌ಗೆ 65.2. ಮೊದಲ ಸರದಿಯಲ್ಲೇ ಓರ್ಟಿಜ್‌ಗೆ 77.9. ಬಾಸ್ಟನ್ನಿನವನು ಓರ್ಟಿಜ್ ನಗುವ ಫೋಟೋ ಕಳಿಸಿದ. ನಾನು 'ವಿಟಮಿನ್' ಅಂತ ಟೈಪ್ ಮಾಡಿದೆ. ಅಳಿಸಿದೆ. ಅಭಿನಂದನೆ ಅಂತ ಬರೆದೆ. ಓರ್ಟಿಜ್‌ನನ್ನು ಎಲ್ಲರೂ ಪ್ರೀತಿಸುತ್ತಾರೆ, ಬಾಂಡ್ಸ್ ಪತ್ರಕರ್ತರ ಜೊತೆ ಒರಟಾಗಿದ್ದ, ಮತ ಹಾಕುವವರು ಪತ್ರಕರ್ತರು. ಅದಷ್ಟೇ ಕಾರಣ ಅಲ್ಲ, ಆದರೆ ಅದೂ ಒಂದು ಕಾರಣ. ಬಾಂಡ್ಸ್ ಗೊತ್ತಿಲ್ಲದೆ ಹಚ್ಚಿಕೊಂಡ ಅನ್ನುವುದನ್ನು ನಾನು ನಂಬುವುದು ಬಿಟ್ಟು ಬಹಳ ವರ್ಷವಾಯಿತು. ಅವನು ಹಾಲ್‌ನೊಳಗೆ ಇರಬೇಕು ಅನ್ನುವುದನ್ನು ಮಾತ್ರ ಬಿಟ್ಟಿಲ್ಲ. ಇದರಲ್ಲಿ ನ್ಯಾಯ ಎಷ್ಟು, ಟೋಪಿ ಎಷ್ಟು ಅಂತ ನನ್ನನ್ನೇ ಕೇಳಿಕೊಂಡರೆ ಉತ್ತರ ದಿನಕ್ಕೊಂದು ಬರುತ್ತದೆ.

ಅದೇ ವರ್ಷ ಲಾಸ್ ಏಂಜಲೀಸಿನವನು ವಯಸ್ಸಾದ ಅಪ್ಪ ಅಮ್ಮನ ಹತ್ತಿರ ಇರಬೇಕು ಅಂತ ಊರಿಗೆ ಹೊರಟ. ಹೊರಡುವ ಮುಂಚಿನ ದಿನ ಮನೆಗೆ ಊಟಕ್ಕೆ ಬಂದ. ಹೆಂಡತಿ ಒಂದು ಡಬ್ಬಿ ತುಂಬ ಅಗಸಿ ಹಿಂಡಿ ಕಟ್ಟಿಕೊಟ್ಟಳು. ಅವನು ಜೇಬಿನಿಂದ ಮಾರ್ಕರ್ ತೆಗೆದು ಮುಚ್ಚಳದ ಮೇಲೆ 25 ಅಂತ ಬಾಂಡ್ಸ್‌ನ ನಂಬರು ಬರೆದ. ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿದ. ನಾನು ಮಾರ್ಕರ್ ಕಸಿದುಕೊಂಡು ಅದರ ಕೆಳಗೆ 99 ಬರೆದೆ, ಅದಕ್ಕೂ ಒಂದು ನಕ್ಷತ್ರ. ಮುಚ್ಚಳದಲ್ಲಿ ಇನ್ನೂ ಸ್ವಲ್ಪ ಜಾಗ ಇತ್ತು. ಮಾರ್ಕರ್ ಹಿಡಿದು ಒಂದು ಗಳಿಗೆ ಹಾಗೇ ನಿಂತೆ. ಆಮೇಲೆ ಕ್ಯಾಪ್ ಹಾಕಿ ವಾಪಸ್ ಕೊಟ್ಟೆ.